ಡಿಸ್ಚಾರ್ಜ್ ಆದ ಮೇಲೆ ಕೊಂಡ ಮಾತ್ರೆಗಳ ದುಡ್ಡನ್ನು ವಿಮಾ ಕಂಪನಿಯವರು ಕಡಿತ ಮಾಡಿದ್ದಾರೆ, ಮುಂದೇನು ಮಾಡಲಿ?

ಹೊಳೆನರಸೀಪುರದ ಮಗಳು (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 67 ವರ್ಷ. ಫೆಬ್ರವರಿಯಲ್ಲಿ ಎದೆನೋವು ಅಂತ ಮೈಸೂರಿಗೆ ಕರೆದುಕೊಂಡು ಹೋದೆವು. ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕಿದರು. ಆಸ್ಪತ್ರೆ ಬಿಲ್ ಕ್ಯಾಶ್‌ಲೆಸ್ ಆಯಿತು, ಅದರಲ್ಲಿ ತಕರಾರಿಲ್ಲ. ಫೆಬ್ರವರಿ 12ಕ್ಕೆ ಡಿಸ್ಚಾರ್ಜ್ ಆಯಿತು.

ನಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲೆ 90 ದಿನದ ಔಷಧಿ ಖರ್ಚು ಕೊಡುತ್ತೇವೆ ಅಂತ ಬರೆದಿದೆ. ಬಿಲ್ ಎಲ್ಲ ಕೂಡಿಟ್ಟು 18,640 ರೂಪಾಯಿಗೆ ಕ್ಲೈಮ್ ಹಾಕಿದೆ. ಖಾತೆಗೆ ಬಂದದ್ದು 6,115. ಉಳಿದ 12,525 ಕಡಿತ. ಪತ್ರದಲ್ಲಿ ಹೀಗಿದೆ:

4,870: ಎರಡನೇ ತಿಂಗಳ ಮಾತ್ರೆಗೆ ಸರಿಯಾದ ಡಾಕ್ಟರ್ ಚೀಟಿ ಇಲ್ಲ.
3,150: ಕೈಬರಹದ ಬಿಲ್, ಬ್ಯಾಚ್ ನಂಬರ್ ಇಲ್ಲ.
2,260: ಶುಗರ್ ಮಾತ್ರೆ, ದಾಖಲಾದ ಕಾಯಿಲೆಗೆ ಸಂಬಂಧವಿಲ್ಲ.
1,325: ಪ್ರೋಟೀನ್ ಪುಡಿ ಮತ್ತು ವಿಟಮಿನ್.
920: 90 ದಿನ ದಾಟಿದ ಬಿಲ್.

ಚೀಟಿ ಇಲ್ಲ ಅಂದಿದ್ದಾರಲ್ಲ, ಅದು ನನಗೆ ಅರ್ಥವೇ ಆಗಿಲ್ಲ. ಮಾರ್ಚ್ 14ಕ್ಕೆ ಡಾಕ್ಟರ್ ಹತ್ತಿರ ಹೋಗಿದ್ದೆವು. ಅವರು ನೋಡಿ, ಬರೆದೂ ಕೊಟ್ಟರು. ಅದರ ಜೆರಾಕ್ಸ್ ಹಾಕಿದ್ದೇನೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ಈಗ ನಿವೃತ್ತಿ. ತಿಂಗಳಿಗೆ ಐದಾರು ಸಾವಿರ ಮಾತ್ರೆಗೇ ಹೋಗುತ್ತಿದೆ. ಈ ದುಡ್ಡು ನಮಗೆ ಚಿಕ್ಕದಲ್ಲ. ದಯವಿಟ್ಟು ಗೊತ್ತಿದ್ದವರು ಹೇಳಿ.

ತುಂಗಾತೀರ (ಸೋಮವಾರ ರಾತ್ರಿ)

ಅಕ್ಕ, ಆ ಮಾರ್ಚ್ 14ರ ಚೀಟಿಯಲ್ಲಿ ಏನು ಬರೆದಿದ್ದಾರೆ? ಮಾತ್ರೆಗಳ ಹೆಸರು ಇದೆಯಾ?

ಹೊಳೆನರಸೀಪುರದ ಮಗಳು (ಸೋಮವಾರ ರಾತ್ರಿ)

ಈಗ ತೆಗೆದು ನೋಡಿದೆ. ಬಿಪಿ ಎಷ್ಟು, ಪಲ್ಸ್ ಎಷ್ಟು ಅಂತ ಇದೆ. ಅದರ ಕೆಳಗೆ ‘ಕಂಟಿನ್ಯೂ ಸೇಮ್’ ಅಂತ ಒಂದೇ ಸಾಲು. ಸಹಿ ಇದೆ. ಮಾತ್ರೆ ಹೆಸರು ಒಂದೂ ಇಲ್ಲ.

ಮಾಜಿ ಟಿಪಿಎ (ಮಂಗಳವಾರ ಬೆಳಗ್ಗೆ)

ಮೇಡಂ, ಇಡೀ ಗೋಳು ಆ ಒಂದೇ ಸಾಲಿನಲ್ಲಿದೆ. ನಾನು ಆರು ವರ್ಷ ಬೆಂಗಳೂರಿನಲ್ಲಿ ಒಂದು ಟಿಪಿಎಯಲ್ಲಿ, ಅಂದರೆ ವಿಮಾ ಕಂಪನಿಗಳ ಪರವಾಗಿ ಕ್ಲೈಮ್ ಪರಿಶೀಲಿಸುವ ಸಂಸ್ಥೆಯಲ್ಲಿ, ಫೈಲು ನೋಡುತ್ತಿದ್ದೆ. ‘ಕಂಟಿನ್ಯೂ ಸೇಮ್’ ಅಂತ ಬರೆದ ಚೀಟಿಗಳು ದಿನಕ್ಕೆ ಎಷ್ಟು ಬರುತ್ತಿದ್ದವೋ ಲೆಕ್ಕವಿಲ್ಲ. ಡಾಕ್ಟರಿಗೆ ಅದು ಸಾಕು, ರೋಗಿಗೂ ಸಾಕು. ಫೈಲು ನೋಡುವವನಿಗೆ ಸಾಲದು. ಅವನ ಮುಂದೆ ರೋಗಿ ಇರುವುದಿಲ್ಲ, ಕಾಗದ ಮಾತ್ರ ಇರುತ್ತದೆ. ಬಿಲ್‌ನಲ್ಲಿರುವ ಪ್ರತಿ ಮಾತ್ರೆಯನ್ನೂ ಚೀಟಿಯಲ್ಲಿ ಹುಡುಕಿ ಟಿಕ್ ಹಾಕಬೇಕು. ಹೆಸರೇ ಇಲ್ಲದಿದ್ದರೆ ಟಿಕ್ ಎಲ್ಲಿ ಹಾಕುವುದು?

ನಿಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರೆಗಳ ಮುಂದೆ ‘ಒಂದು ತಿಂಗಳು, ನಂತರ ರಿವ್ಯೂ’ ಅಂತ ಇರಬೇಕು, ನೋಡಿ. ಹಾಗಿದ್ದರೆ ಮೊದಲ ತಿಂಗಳಿಗೆ ಮಾತ್ರ ಅದೇ ಚೀಟಿ. ಆಮೇಲಿನದಕ್ಕೆ ಹೊಸ ಚೀಟಿ ಬೇಕು.

ಮೈಸೂರಿಗೆ ಮತ್ತೊಮ್ಮೆ ಹೋಗಿ. ಅದೇ ಡಾಕ್ಟರಿಂದ ಒಂದು ಪತ್ರ ಬರೆಸಿ. ಇಂಥ ರೋಗಿ ಮಾರ್ಚ್ 14ರಂದು ನಮ್ಮಲ್ಲಿ ಬಂದಿದ್ದರು, ಅವತ್ತಿನಿಂದ ಮುಂದುವರಿಸಲು ಹೇಳಿದ ಮಾತ್ರೆಗಳು ಇವು, ದಿನಕ್ಕೆ ಇಷ್ಟು, ಇಷ್ಟು ದಿನ ಅಂತ. ಸೀಲು, ಸಹಿ, ರಿಜಿಸ್ಟ್ರೇಷನ್ ನಂಬರ್ ಇರಲಿ. ಪತ್ರಕ್ಕೆ ಬರೆದ ದಿನದ ತಾರೀಖನ್ನೇ ಹಾಕಿಸಿ. ಮಾರ್ಚ್ ತಾರೀಖು ಹಾಕಿ ಕೊಡಿ ಅಂತ ಯಾವ ಕಾರಣಕ್ಕೂ ಕೇಳಬೇಡಿ. ಅದು ಸಿಕ್ಕಿಬಿದ್ದರೆ ಸರಿಯಾಗಿರುವ ಬಿಲ್‌ಗಳ ಮೇಲೂ ಅನುಮಾನ ಬರುತ್ತದೆ.

920 ಬಿಟ್ಟುಬಿಡಿ. ಫೆಬ್ರವರಿ 12ರಿಂದ 90 ದಿನ ಅಂದರೆ ಮೇ 13ಕ್ಕೆ ಮುಗಿಯುತ್ತದೆ. ಪ್ರೋಟೀನ್ ಪುಡಿಯದ್ದೂ ಕಷ್ಟ. ಉಳಿದ ಮೂರಕ್ಕೂ ಜಗಳ ಆಡಬಹುದು. ಸಂಜೆ ವಿವರವಾಗಿ ಬರೆಯುತ್ತೇನೆ.

ದಾವಣಗೆರೆ ಮೆಡಿಕಲ್ಸ್ (ಮಂಗಳವಾರ ಮಧ್ಯಾಹ್ನ)

ಕೈಬರಹದ ಬಿಲ್ ವಿಷಯ ನಾನು ಹೇಳುತ್ತೇನೆ, 22 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ.

ತಂಗಿ, ಆ ಅಂಗಡಿಗೇ ವಾಪಸ್ ಹೋಗಿ. ಅವತ್ತು ಕೊಟ್ಟ ಮಾತ್ರೆಗಳಿಗೆ ಸರಿಯಾದ ಬಿಲ್ ಕೊಡಿ ಅಂತ ಕೇಳಿ. ಅದು ನಿಮ್ಮ ಹಕ್ಕು, ಬೇಡಿಕೊಳ್ಳುವ ಅಗತ್ಯವಿಲ್ಲ. ಬಿಲ್‌ನಲ್ಲಿ ಅಂಗಡಿಯ ಡ್ರಗ್ ಲೈಸೆನ್ಸ್ ನಂಬರ್, ರೋಗಿ ಹೆಸರು, ಡಾಕ್ಟರ್ ಹೆಸರು, ಮಾತ್ರೆ ಹೆಸರು, ಬ್ಯಾಚ್, ಎಕ್ಸ್‌ಪೈರಿ, ಎಷ್ಟು, ರೇಟು ಇಷ್ಟೂ ಇರಬೇಕು. ರೋಗಿ ಹೆಸರಿನ ಜಾಗದಲ್ಲಿ ಸುಮ್ನೆ ‘ಕ್ಯಾಶ್’ ಅಂತ ಹಾಕಿದ್ದರೆ ಅಲ್ಲೇ ನಿಂತು ತಿದ್ದಿಸಿಕೊಳ್ಳಿ. ಬಿಲ್ ಮಾಡಿಸಲು ಬಂದವರ ಹೆಸರನ್ನೇ ಹಾಕುವ ಅಭ್ಯಾಸವೂ ಇದೆ. ಅಪ್ಪನ ಮಾತ್ರೆಗೆ ಮಗಳ ಹೆಸರು ಬಿದ್ದರೆ ಆ ಬಿಲ್ ಹೋಯಿತು ಅಂತಲೇ ಲೆಕ್ಕ.

ಬ್ರ್ಯಾಂಡ್ ವಿಷಯ ಒಂದಿದೆ. ಡಾಕ್ಟರ್ ಒಂದು ಕಂಪನಿಯದು ಬರೆದಿರುತ್ತಾರೆ, ನಮ್ಮ ಹತ್ತಿರ ಬೇರೆ ಕಂಪನಿಯದು ಇರುತ್ತದೆ. ಒಳಗಿರುವ ಔಷಧಿ ಅದೇ, ಹೆಸರು ಬೇರೆ. ಕ್ಲೈಮ್ ನೋಡುವವರಿಗೆ ಇದು ಚೀಟಿಯಲ್ಲಿಲ್ಲದ ಮಾತ್ರೆ ಅಂತ ಕಾಣುತ್ತದೆ. ನಾನು ಹಾಗೆ ಕೊಟ್ಟಾಗ ಬಿಲ್ ಮೇಲೆ ಒಳಗಿನ ಔಷಧಿಯ ಹೆಸರು ಬರೆದು ಅಂಗಡಿ ಸೀಲು ಹಾಕುತ್ತೇನೆ. ನೀವೂ ಕೇಳಿ ಹಾಕಿಸಿಕೊಳ್ಳಿ.

ಎಣಿಕೆಯನ್ನೂ ನೋಡಿಕೊಳ್ಳಿ. ಕೆಲವು ಮಾತ್ರೆ 10ರ ಸ್ಟ್ರಿಪ್, ಕೆಲವು 15, ಸ್ಟೆಂಟ್ ಹಾಕಿದವರಿಗೆ ಕೊಡುವ ಒಂದು ಮಾತ್ರೆ 14ರ ಸ್ಟ್ರಿಪ್‌ನಲ್ಲಿ ಬರುತ್ತದೆ. ದಿನಕ್ಕೆರಡು, 30 ದಿನ ಅಂದರೆ 60 ಮಾತ್ರೆ. ಐದು ಸ್ಟ್ರಿಪ್ ಕೊಂಡರೆ 70. ಹತ್ತು ಜಾಸ್ತಿ ಅಂತ ಅಷ್ಟಕ್ಕೇ ಕಡಿತ ಮಾಡುವವರೂ ಇದ್ದಾರೆ. ಬೇಕಾದಷ್ಟೇ ಕತ್ತರಿಸಿ ಕೊಡಿ ಅಂದರೆ ನಾವು ಕೊಡುತ್ತೇವೆ.

ಮತ್ತೆ ಆ ನುಣುಪು ಕಾಗದದ ಬಿಲ್ ಬರುತ್ತದಲ್ಲ, ಅದನ್ನು ಅವತ್ತೇ ಜೆರಾಕ್ಸ್ ಮಾಡಿಸಿ. ನಮ್ಮ ಅಂಗಡಿಗೆ ಬರುವ ಒಬ್ಬ ಅಜ್ಜಿ ಬಿಲ್‌ಗಳನ್ನೆಲ್ಲ ಜೋಪಾನವಾಗಿ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಎರಡು ತಿಂಗಳ ನಂತರ ತಂದರೆ ಎಲ್ಲ ಬಿಳೀ ಚೀಟಿ. ಶಾಖಕ್ಕೆ ಅಕ್ಷರ ಹೋಗಿತ್ತು. ನಾನು ಕಂಪ್ಯೂಟರಿನಲ್ಲಿ ಹುಡುಕಿ ಒಂದೊಂದಾಗಿ ಮತ್ತೆ ತೆಗೆದುಕೊಟ್ಟೆ.

ಬಸವನಗುಡಿ 72 (ಮಂಗಳವಾರ ಮಧ್ಯಾಹ್ನ)

ಇಷ್ಟು ದುಡ್ಡಿಗೆ ಮೈಸೂರಿಗೆ ಓಡಾಟ, ಅಂಗಡಿಗೆ ಓಡಾಟ, ಪತ್ರ ಬರೆಯುವುದು... ನನ್ನ ಅನುಭವದಲ್ಲಿ ಹೇಳುತ್ತೇನಮ್ಮ, ಬಂದಷ್ಟು ಬಂತು ಅಂತ ಬಿಟ್ಟುಬಿಡಿ. ಆರೋಗ್ಯ ಮುಖ್ಯ.

ತುಂಗಾತೀರ (ಮಂಗಳವಾರ ಮಧ್ಯಾಹ್ನ)

ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ. 12,525 ಅಂದರೆ ಅವರ ಮನೆಗೆ ಎರಡು ತಿಂಗಳ ಮಾತ್ರೆ. ಸ್ಟೆಂಟ್ ಹಾಕಿದ ಮೇಲೆ ದುಡ್ಡಿಲ್ಲ ಅಂತ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ ಅಂತ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಪ್ರೀಮಿಯಂ ಕಟ್ಟಿದ್ದಾರೆ, ಪಾಲಿಸಿಯಲ್ಲಿ ಬರೆದಿದೆ. ಬಿಡುವುದು ಯಾಕೆ?

ಬಸವನಗುಡಿ 72 (ಮಂಗಳವಾರ ಸಂಜೆ)

ಚಿಕ್ಕಪ್ಪನ ವಿಷಯ ಕೇಳಿ ಬೇಜಾರಾಯಿತು. ನೀವು ಹೇಳುವುದು ಸರಿ. ಹೊಳೆನರಸೀಪುರದವರು ಮುಂದುವರಿಯಲಿ.

ಮಾಜಿ ಟಿಪಿಎ (ಮಂಗಳವಾರ ರಾತ್ರಿ)

ಈ ಚರ್ಚೆ ಓದುವ ಬೇರೆಯವರಿಗೂ ಅನುಕೂಲ ಆಗಲಿ ಅಂತ ಬುಡದಿಂದ ಹೇಳುತ್ತೇನೆ.

ನಮ್ಮಲ್ಲಿ ಸಾಮಾನ್ಯ ಆರೋಗ್ಯ ವಿಮೆ ಅಂದರೆ ಆಸ್ಪತ್ರೆಯಲ್ಲಿ 24 ಗಂಟೆ ದಾಖಲಾದರೆ ಕೊಡುವ ವಿಮೆ. ಡಯಾಲಿಸಿಸ್, ಕಣ್ಣಿನ ಪೊರೆ, ಕೀಮೋ ಥರದ ಡೇ ಕೇರ್ ಚಿಕಿತ್ಸೆಗೆ 24 ಗಂಟೆ ಬೇಕಿಲ್ಲ. ಮನೆಯಲ್ಲಿ ಕೂತು ತಿಂಗಳು ತಿಂಗಳು ನುಂಗುವ ಬಿಪಿ, ಥೈರಾಯ್ಡ್ ಮಾತ್ರೆಗೆ ಇದು ದುಡ್ಡು ಕೊಡುವುದಿಲ್ಲ. ಎಷ್ಟೋ ಜನ ಪಾಲಿಸಿ ಮಾಡಿಸುವಾಗ ಇದನ್ನು ಕೇಳಿಯೇ ಇರುವುದಿಲ್ಲ. ಮಾತ್ರೆಯ ದುಡ್ಡು ಬರುವ ದಾರಿ ಸಾಮಾನ್ಯವಾಗಿ ಎರಡೇ. ದಾಖಲಾಗುವ ಮೊದಲಿನ ಇಷ್ಟು ದಿನ, ಬಿಡುಗಡೆಯಾದ ಮೇಲಿನ ಇಷ್ಟು ದಿನ. ಆರೋಗ್ಯ ಸಂಜೀವನಿ ಅನ್ನುವ ಎಲ್ಲ ಕಂಪನಿಗಳ ಒಂದೇ ಮಾದರಿಯ ಪಾಲಿಸಿಯಲ್ಲಿ ಇದು 30 ದಿನ ಮತ್ತು 60 ದಿನ. ಬೇರೆ ಪಾಲಿಸಿಗಳಲ್ಲಿ 60 ಮತ್ತು 90, ಕೆಲವದರಲ್ಲಿ 180ರ ತನಕ ಇದೆ. ಯಾವ ಕಾಯಿಲೆಗೆ ದಾಖಲಾದರೋ ಅದೇ ಕಾಯಿಲೆಯ ಮಾತ್ರೆ ಆಗಿರಬೇಕು.

ದಾಖಲಾಗುವ ಮೊದಲಿನ ದಿನಗಳನ್ನು ಜನ ಮರೆಯುತ್ತಾರೆ. ಮೇಡಂ, ಅಪ್ಪನಿಗೆ ಎದೆನೋವು ಶುರುವಾದಾಗ ಊರಿನಲ್ಲಿ ಇಸಿಜಿ, ಎಕೋ ಮಾಡಿಸಿದ್ದಿರಾ? ಆ ಬಿಲ್ ಹಾಕಿದ್ದೀರಾ?

ಪ್ರೋಟೀನ್ ಪುಡಿ, ವಿಟಮಿನ್ ಬಗ್ಗೆ. ಪಾಲಿಸಿಗಳಲ್ಲಿ ‘ಎಕ್ಸ್‌ಕ್ಲೂಷನ್ 14’ ಅಂತ ಒಂದು ಕಲಮು ಇರುತ್ತದೆ. ಚೀಟಿಯಿಲ್ಲದೆ ಕೊಳ್ಳಬಹುದಾದ ವಿಟಮಿನ್, ಖನಿಜ, ಪೂರಕ ಆಹಾರಕ್ಕೆ ದುಡ್ಡಿಲ್ಲ ಅಂತ. ಆದರೆ ಅದೇ ಕಲಮಿನಲ್ಲಿ, ಆಸ್ಪತ್ರೆ ದಾಖಲಾತಿಯ ಕ್ಲೈಮಿನ ಭಾಗವಾಗಿ ಡಾಕ್ಟರ್ ಬರೆದಿದ್ದರೆ ಈ ಮಾತು ಅನ್ವಯಿಸುವುದಿಲ್ಲ ಅಂತಲೂ ಇದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ವಿಟಮಿನ್ ಬರೆದಿದ್ದರೆ ಕೇಳಿ. ಅಂಗಡಿಯವರು ಹೇಳಿದರು ಅಂತ ಕೊಂಡಿದ್ದರೆ ಬಿಡಿ.

ಶುಗರ್ ಮಾತ್ರೆಗೆ ದಾರಿ ಸ್ವಲ್ಪ ಕಡಿದು. ಹೃದಯದ ಡಾಕ್ಟರ್ ಪತ್ರದಲ್ಲಿ, ಸ್ಟೆಂಟ್ ಹಾಕಿದ ಈ ರೋಗಿಗೆ ಸಕ್ಕರೆ ಹತೋಟಿಯಲ್ಲಿಡುವುದು ಚಿಕಿತ್ಸೆಯ ಭಾಗ ಅಂತ ಬರೆದರೆ ವಾದಕ್ಕೆ ಜೀವ ಬರುತ್ತದೆ. ಗ್ಯಾರಂಟಿ ಹೇಳಲಾರೆ.

ಪತ್ರದಲ್ಲಿ ಕಡಿತದ ಕಾರಣದ ಜೊತೆ ಪಾಲಿಸಿಯ ಯಾವ ಕಲಮು ಅಂತ ಹೇಳಿದ್ದಾರಾ ನೋಡಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯಲ್ಲಿ ಇದು ಸ್ಪಷ್ಟವಾಗಿದೆ. ಪೂರ್ತಿ ತಿರಸ್ಕರಿಸಲಿ, ಸ್ವಲ್ಪ ಕಡಿತ ಮಾಡಲಿ, ಪಾಲಿಸಿಯ ನಿರ್ದಿಷ್ಟ ಷರತ್ತನ್ನು ತೋರಿಸಿ ಕಾರಣ ಕೊಡಬೇಕು. ‘ಸಂಬಂಧವಿಲ್ಲ’ ಅಂತ ಒಂದು ಪದ ಬರೆದು ಕಳಿಸಿದ್ದರೆ ಯಾವ ಕಲಮು ಅಂತ ಕೇಳಿ ಮೊದಲ ಮೇಲ್ ಹಾಕಿ.

ಇನ್ನೊಂದು ಮಾತು ಆಸ್ಪತ್ರೆಯಿಂದ ಹೊರಡುವವರಿಗೆಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಕೌಂಟರಿನಲ್ಲೇ ಓದಿ. ನಾಲ್ಕು ವರ್ಷದ ಶುಗರ್ 14 ವರ್ಷ ಅಂತ ಟೈಪ್ ಆಗಿದ್ದನ್ನು ನಾನು ನೋಡಿದ್ದೇನೆ. ಆ ಒಂದು ಅಂಕಿಯಿಂದ, ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾರೆ ಅಂತ ಫೈಲು ತನಿಖೆಗೆ ಹೋಯಿತು. ಆ ಮನೆಯವರು ಮೂರು ತಿಂಗಳು ಅಲೆದರು. ಮೂರು ತಿಂಗಳು! (ಪಾಲಿಸಿ ಬಿಡದೆ ಐದು ವರ್ಷ ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟಿರಿ ಅಂತ ಈಗ ತಿರಸ್ಕರಿಸುವಂತಿಲ್ಲ. 2024ಕ್ಕಿಂತ ಮೊದಲು ಇದು ಎಂಟು ವರ್ಷ ಇತ್ತು.)

ಹೊಳೆನರಸೀಪುರದ ಮಗಳು (ಮಂಗಳವಾರ ರಾತ್ರಿ)

ಸರ್, ಕೈಮುಗಿಯುತ್ತೇನೆ. ಇಸಿಜಿ, ಎಕೋ ಎರಡನ್ನೂ ಹಾಸನದಲ್ಲಿ ಮಾಡಿಸಿದ್ದೆವು, ದಾಖಲಾಗುವ ಐದು ದಿನ ಮೊದಲು. ಬಿಲ್ ಅಪ್ಪನ ಜೇಬಿನಲ್ಲೇ ಇತ್ತು, 2,400 ರೂಪಾಯಿ. ಹಾಕಬಹುದು ಅಂತಲೇ ಗೊತ್ತಿರಲಿಲ್ಲ. ಈಗ ತಡವಾಯಿತಲ್ಲವಾ?

ಮಾಜಿ ಟಿಪಿಎ (ಬುಧವಾರ ಬೆಳಗ್ಗೆ)

ತಡ ಆಗಿದೆ, ಆದರೂ ಹಾಕಿ. ಸಾಮಾನ್ಯವಾಗಿ ದಾಖಲಾಗುವ ಮೊದಲಿನ ಖರ್ಚಿನ ಬಿಲ್ ಡಿಸ್ಚಾರ್ಜ್ ಆದ 30 ದಿನದೊಳಗೆ, ನಂತರದ ಖರ್ಚಿನದು ಆ ಅವಧಿ ಮುಗಿದ 15 ದಿನದೊಳಗೆ ಕೊಡಬೇಕು. ಆದರೆ ಬರೀ ತಡ ಅನ್ನುವ ಕಾರಣಕ್ಕೆ ನಿಜವಾದ ಕ್ಲೈಮ್ ತಳ್ಳಿಹಾಕಬೇಡಿ ಅಂತ ಐಆರ್‌ಡಿಎಐ 2011ರ ಸೆಪ್ಟೆಂಬರಿನಲ್ಲೇ ಕಂಪನಿಗಳಿಗೆ ಹೇಳಿದೆ. ಯಾಕೆ ತಡವಾಯಿತು ಅಂತ ನಾಲ್ಕು ಸಾಲು ಪ್ರಾಮಾಣಿಕವಾಗಿ ಬರೆಯಿರಿ. ಅಪ್ಪನ ಆರೈಕೆಯಲ್ಲಿದ್ದೆ, ತಿಳಿದಿರಲಿಲ್ಲ ಅಂತ. ಅಷ್ಟು ಸಾಕು.

ಪೀಣ್ಯ ಸೆಕೆಂಡ್ ಸ್ಟೇಜ್ (ಬುಧವಾರ ಬೆಳಗ್ಗೆ)

ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವುದು. ನಮಗೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ ಇದೆ. ಸಂಬಳ 21,000 ತನಕ ಇದ್ದವರಿಗೆ. ನಮ್ಮ ಸಂಬಳದಿಂದ 0.75 ಪರ್ಸೆಂಟ್, ಕಂಪನಿಯಿಂದ 3.25 ಪರ್ಸೆಂಟ್ ಕಟ್ಟುತ್ತಾರೆ. ಅಮ್ಮನ ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಡಿಸ್ಪೆನ್ಸರಿಯಲ್ಲೇ ಕೊಡುತ್ತಾರೆ, ದಾಖಲಾಗಬೇಕು ಅಂತೇನಿಲ್ಲ. ಸ್ಟಾಕ್ ಇಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ. ಚೀಟಿಯ ಮೇಲೆ ಇಲ್ಲಿ ಸಿಗುತ್ತಿಲ್ಲ ಅಂತ ಡಾಕ್ಟರ್ ಕೈಯಲ್ಲಿ ಬರೆಸಿಕೊಂಡು ಹೊರಗೆ ಕೊಳ್ಳಿ, ಆ ಬಿಲ್ ಕೊಟ್ಟು ದುಡ್ಡು ಕೇಳಬಹುದು. ನಮ್ಮ ಲೈನಿನಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಂದೆತಾಯಿಯ ಹೆಸರನ್ನೂ ಸೇರಿಸಬಹುದು ಅಂತಲೇ ಗೊತ್ತಿಲ್ಲ. ನಿಮ್ಮನ್ನೇ ನಂಬಿಕೊಂಡಿದ್ದರೆ ಸೇರಿಸಿ.

ಧಾರವಾಡದ ಹುಡುಗ (ಬುಧವಾರ ಮಧ್ಯಾಹ್ನ)

ನನ್ನ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಒಪಿಡಿ ಅಂತ ಬೇರೆ ಇದೆ, ದಾಖಲಾಗದೆ ಪಡೆಯುವ ಚಿಕಿತ್ಸೆಯ ಖರ್ಚಿಗೆ, ವರ್ಷಕ್ಕೆ 10,000 ಮಿತಿ. ಅವ್ವನ ಥೈರಾಯ್ಡ್ ಗುಳಿಗೆಗೆ ಅದರಿಂದಲೇ ತೆಗೆದುಕೊಳ್ಳುತ್ತೇನೆ. ಸ್ವಂತ ಪಾಲಿಸಿಗೆ ಒಪಿಡಿ ಸೇರಿಸುವ ಮುಂಚೆ ಲೆಕ್ಕ ಹಾಕಿ ನೋಡಿರಿ. ನನಗೆ ಹೇಳಿದ ಪ್ರೀಮಿಯಂ ಮತ್ತು ಸಿಗುವ ಮಿತಿ ಹೆಚ್ಚುಕಡಿಮೆ ಒಂದೇ ಇತ್ತು, ಅದಕ್ಕೇ ಬಿಟ್ಟೆ.

ಆ ಜನೌಷಧಿ ಅಂಗಡಿ ವಿಚಾರಿಸಿದ್ದೀರಾ ಅಕ್ಕ? ನಮ್ಮ ಅಪ್ಪನ ಕೊಲೆಸ್ಟರಾಲ್ ಗುಳಿಗೆ ಅಲ್ಲಿ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಡಾಕ್ಟರಿಗೆ ತೋರಿಸಿಯೇ ಬದಲಿಸಿದೆವು. 90 ದಿನ ಮುಗಿದ ಮೇಲೆ ಹೇಗೂ ಕೈಯಿಂದಲೇ ಕೊಳ್ಳಬೇಕಲ್ಲ.

ತುಂಗಾತೀರ (ಬುಧವಾರ ರಾತ್ರಿ)

ನನ್ನದು ಬೇರೆ ಥರದ ಮಾತ್ರೆ ಕಥೆ. ಯಾರಿಗಾದರೂ ಬೇಕಾಗಬಹುದು ಅಂತ ಬರೆಯುತ್ತೇನೆ.

ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆದ ಮೇಲೆ ಕೀಮೋ ಮಾತ್ರೆ ಬರೆದರು. 14 ದಿನ ನುಂಗಬೇಕು, ಏಳು ದಿನ ಬಿಡುವು, ಮತ್ತೆ 14 ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದಿಡುತ್ತಿದ್ದೆ. ಬೆಳಗ್ಗೆ ತಿಂಡಿ ಆದ ಅರ್ಧ ಗಂಟೆಯೊಳಗೆ, ರಾತ್ರಿ ಊಟ ಆದ ಅರ್ಧ ಗಂಟೆಯೊಳಗೆ. ಅಮ್ಮನ ಅಂಗೈ ಚರ್ಮ ಸುಲಿದು ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ.

ಬಿಲ್ ಹಾಕಿದರೆ, ಮನೆಯಲ್ಲಿ ನುಂಗಿದ ಮಾತ್ರೆ, ದಾಖಲಾಗಿಲ್ಲ, ಒಪಿಡಿ ಅಂತ ತಿರಸ್ಕಾರ. ನನಗೂ ಸರಿಯಿರಬೇಕು ಅನ್ನಿಸಿತ್ತು. ಆಮೇಲೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಹುಡುಗಿಯೊಬ್ಬಳು ಹೇಳಿದಳು. 2019ರ ಐಆರ್‌ಡಿಎಐ ಮಾರ್ಗಸೂಚಿಯಲ್ಲಿ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಇದೆ, ಅದರಲ್ಲಿ ಓರಲ್ ಕೀಮೋಥೆರಪಿ ಅಂತಲೇ ಇದೆ, ಅವನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಅಂತ. ಕಂಪನಿ ಮಿತಿ ಹಾಕಬಹುದು. ನಮ್ಮ ಪಾಲಿಸಿಯಲ್ಲಿ ವಿಮಾ ಮೊತ್ತದ ಅರ್ಧದ ತನಕ ಅಂತ ಇತ್ತು.

ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಒಂದು ತಿಂಗಳಾದರೂ ಉತ್ತರ ಇಲ್ಲ. ವಿಮೆ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿಗೆ ಹೋದೆ, ಜೆ.ಪಿ.ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ. ವಕೀಲರು ಬೇಡ. 50 ಲಕ್ಷದ ತನಕದ ದೂರು ನೋಡುತ್ತಾರೆ. ಕಂಪನಿ ಕೊನೆಯದಾಗಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಮಾತಾಡುವಾಗ ಗಂಟಲು ಕಟ್ಟಿತು. ಅವರು ಸಾವಕಾಶವಾಗಿ ಕೇಳಿಸಿಕೊಂಡರು, ಪಾಲಿಸಿಯ ಆ ಪುಟ ತೋರಿಸಿ ಅಂದರು. ತೋರಿಸಿದೆ. ದುಡ್ಡು ಬಂತು. ಅಮ್ಮ ಈಗ ಮತ್ತೆ ರೊಟ್ಟಿ ತಟ್ಟುತ್ತಾರೆ.

ಹೊಳೆನರಸೀಪುರದ ಮಗಳು (ಬುಧವಾರ ರಾತ್ರಿ)

ತುಂಗಾತೀರ ಅಕ್ಕ, ಓದಿ ಕಣ್ಣು ತುಂಬಿ ಬಂತು. ಅಮ್ಮ ಚೆನ್ನಾಗಿರಲಿ.

ಹೊಳೆನರಸೀಪುರದ ಮಗಳು (ಐದು ವಾರದ ನಂತರ)

ಏನಾಯಿತು ಅಂತ ನಿಮಗೆಲ್ಲ ತಿಳಿಸಬೇಕು.

ಮೈಸೂರಿಗೆ ಹೋಗಿದ್ದೆವು. ಡಾಕ್ಟರಿಗೆ ಮಾರ್ಚ್ 14ರ ಚೀಟಿ ತೋರಿಸಿ, ಸರ್, ಈ ಒಂದು ಸಾಲಿಗೆ ನಮ್ಮ 4,870 ರೂಪಾಯಿ ಹೋಗಿದೆ ಅಂದೆ. ಅವರು ಒಂದು ನಿಮಿಷ ಸುಮ್ಮನಾದರು. ಆಮೇಲೆ ಲೆಟರ್‌ಹೆಡ್ ತೆಗೆದು ಆರು ಮಾತ್ರೆಯನ್ನೂ ಒಂದೊಂದಾಗಿ ಬರೆದರು. ಶುಗರ್ ಬಗ್ಗೆಯೂ ಎರಡು ಸಾಲು ಬರೆದುಕೊಟ್ಟರು. ಇನ್ನು ಮುಂದೆ ಎಲ್ಲರಿಗೂ ಹೆಸರು ಹಾಕಿಯೇ ಬರೆಯುತ್ತೇನೆ ಅಂದರು.

ಕೈಬರಹದ ಬಿಲ್ ನಮ್ಮೂರ ಜಾತ್ರೆ ದಿನದ್ದು. ಕರೆಂಟ್ ಇರಲಿಲ್ಲ, ಅಂಗಡಿಯವರು ಕೈಯಲ್ಲೇ ಬರೆದಿದ್ದರು. ಈಗ ಹೋಗಿ ಕೇಳಿದೆ. ತಮ್ಮ ಪುಸ್ತಕ ತೆಗೆದು ನೋಡಿ ಬ್ಯಾಚ್ ಸಮೇತ ಕಂಪ್ಯೂಟರ್ ಬಿಲ್ ಕೊಟ್ಟು, ಹಳೇ ಬಿಲ್ ನಂಬರನ್ನೂ ಅದರ ಮೇಲೆ ಬರೆದು ಸೀಲು ಹಾಕಿದರು. ದಾವಣಗೆರೆ ಅಣ್ಣ ಹೇಳಿದ್ದು ನೆನಪಾಗಿ ಎರಡನ್ನೂ ಅಲ್ಲೇ ಜೆರಾಕ್ಸ್ ಮಾಡಿಸಿದೆ.

4,870 ಮತ್ತು 3,150, ಎರಡೂ ಸೇರಿ 8,020 ಖಾತೆಗೆ ಬಂತು. ಹಾಸನದ 2,400 ಕೂಡ ಬಂತು! ಅಪ್ಪ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು ಆ ಪುಟವನ್ನು ಅಮ್ಮನಿಗೆ ಎರಡು ಸಲ ತೋರಿಸಿದರು. ಪ್ರೋಟೀನ್ ಪುಡಿ, ವಿಟಮಿನ್ ಅಂಗಡಿಯಲ್ಲಿ ಹೇಳಿದರು ಅಂತ ಕೊಂಡಿದ್ದು, ಅದನ್ನು ಕೇಳಲಿಲ್ಲ.

ಶುಗರ್ ಮಾತ್ರೆಯ 2,260 ಮಾತ್ರ ಮತ್ತೆ ಇಲ್ಲ ಅಂದಿದ್ದಾರೆ. ಯಾವ ಕಲಮು ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬಂದಿಲ್ಲ. ಐಆರ್‌ಡಿಎಐನ ದೂರಿನ ವೆಬ್‌ಸೈಟ್ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ಹಾಕಿದ್ದೇನೆ, ನಂಬರ್ ಬಂದಿದೆ.

ಮಾಜಿ ಟಿಪಿಎ (ಅದೇ ದಿನ ಸಂಜೆ)

ಬಹಳ ಸಂತೋಷ ಆಯಿತು ಮೇಡಂ. ಕಂಪನಿಗೆ ಬರೆದ ದೂರಿನ ತಾರೀಖು ಗುರುತು ಹಾಕಿಟ್ಟುಕೊಳ್ಳಿ. ಒಂದು ತಿಂಗಳು ದಾಟಿದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಜೀವನ್ ಸೌಧಕ್ಕೆ ಅರ್ಜಿ ಬರೆಯೋಣ. ಕರಡು ನಾನು ನೋಡಿಕೊಡುತ್ತೇನೆ.

ಹೊಳೆನರಸೀಪುರದ ಮಗಳು (ಅದೇ ದಿನ ರಾತ್ರಿ)

ಆಗಲಿ ಸರ್. ಡಾಕ್ಟರ್ ಪತ್ರ, ಎರಡು ಮೇಲ್, ಅವರ ಉತ್ತರ ಎಲ್ಲ ಒಂದೇ ಫೈಲಿನಲ್ಲಿ ಹಾಕಿಟ್ಟಿದ್ದೇನೆ. ಒಲೆಯಿಂದ ದೂರ, ಬೀರುವಿನಲ್ಲಿ.